ಉಪ್ಪಿನ ಕೈ

ಹೊಳೆದಂಡೆಯ ಮಠಕ್ಕೆ ಅಡಿವೆಪ್ಪ ಬಂದಾಗ ಅವನ ಕಂಕುಳಲ್ಲಿ ಒಂದು ಉಪ್ಪಿನ ಗಡಿಗೆ ಇತ್ತು.

ಮಠಕ್ಕೆ ಬರುವವರು ಕಾಯಿ ತರುತ್ತಾರೆ, ಹೂವು ತರುತ್ತಾರೆ. ಉಪ್ಪು ಹೊತ್ತು ತಂದವನನ್ನು ಮಠದ ಅಜ್ಜ ಅದೇ ಮೊದಲು ನೋಡಿದ್ದು. ಆದರೂ ಯಾಕೆಂದು ಕೇಳಲಿಲ್ಲ. ಹೊಟ್ಟೆಯಲ್ಲಿದ್ದದ್ದು ಇವತ್ತಲ್ಲ ನಾಳೆ ಬಾಯಿಗೆ ಬಂದೇ ಬರುತ್ತದೆ ಎಂದು ಕಾಯುವುದು ಅವರ ರೂಢಿ.

ಅಡಿವೆಪ್ಪ ಅಜ್ಜನ ಹಳೆಯ ಶಿಷ್ಯ. ಮೀಸೆ ಮೂಡುವ ವಯಸ್ಸಿನಲ್ಲಿ ಇದೇ ಮಠದ ದಾಸೋಹದ ಮನೆಯಲ್ಲಿ ಅಡಿಗೆ ಕಲಿತವನು. ಆಮೇಲೆ ಪೇಟೆಗೆ ಹೋಗಿ ಬಸ್ ಸ್ಟ್ಯಾಂಡಿನ ಎದುರು ತಗಡಿನ ಕೆಳಗೆ ಖಾನಾವಳಿ ಇಟ್ಟ. ಹೆಂಡತಿ ರೊಟ್ಟಿ ಬಡಿದಳು, ಇವನು ಸಾರು ಕುದಿಸಿದ. ಬಾಗಿಲಿಗೆ ಬಂದವರಿಗೆಲ್ಲ ಅವನದು ಒಂದೇ ಮಾತು, "ಉಂಡ ಹೋಗ್ರಿ." ಕಿಸೆ ತಡವಿಕೊಂಡು ಹಿಂದೆ ಸರಿಯುವವನಿಗೂ ಅದೇ ಮಾತು.

ಹೆಂಡತಿ ತೀರಿಕೊಂಡ ಮೇಲೆ ಮಗ ಮಹಾಂತೇಶ ಕೈಜೋಡಿಸಿದ. ಕೋರ್ಟಿನ ಹತ್ತಿರ ಎರಡನೆಯ ಖಾನಾವಳಿ ಆಯಿತು. ಹೆದ್ದಾರಿಯ ಮೇಲೆ ಉಳಿದುಕೊಳ್ಳುವ ಕೋಣೆಗಳ ಸಮೇತ ಮೂರನೆಯದೂ ಆಯಿತು.

ಮೂರಕ್ಕೂ ಉಪ್ಪು ಹಾಕುವ ಕೈ ಮಾತ್ರ ಒಂದೇ, ಅಡಿವೆಪ್ಪನದು. ದಿನಾ ಬೆಳಿಗ್ಗೆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟಂಟಂ ಆಟೋದಲ್ಲಿ ಕೂತು ಮೂರು ಒಲೆ ಸುತ್ತಿ ಬರುತ್ತಿದ್ದ. ಜನ ನಗುತ್ತಿದ್ದರು. ಇವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ಮಂದಿ ಉಪ್ಪು ಹಾಕಿದ ಅಡಿಗೆಯನ್ನು ನಾಯಿಯೂ ಮೂಸುವುದಿಲ್ಲ, ಉಪ್ಪಿನ ಕೈ ಒಂದೇ ಇರಲಿ ಎಂದು ಅವನಿಗೆ ಕಲಿಸಿದವರು ಇದೇ ಅಜ್ಜ.

ಇವತ್ತು ಮಾತ್ರ ಒಲೆಗಳ ಕಡೆ ಹೋಗದೆ ಸೀದಾ ಮಠಕ್ಕೆ ಬಂದಿದ್ದ.

"ಅಜ್ಜಾರ, ಮೂರೂ ಖಾನಾವಳಿ ಮಠಕ್ಕ ಬರದ ಕೊಡ್ತೀನ್ರಿ," ಅಂದ.

"ಯಾಕೋ ತಮ್ಮಾ?"

"ಮತ್ತ್ಯಾರಿಗೆ ಕೊಡ್ಲಿ? ಮಗ ಹ್ವಾದ. ಸೊಸಿ ಮೋಸಗಾರ್ತಿ ಆದ್ಳು."

ಹೋದ ವರ್ಷ ಜ್ವರವೆಂದು ಮಲಗಿದ ಮಹಾಂತೇಶ ಮತ್ತೆ ಏಳಲಿಲ್ಲ. ಅವನ ಹೆಂಡತಿ ನೀಲವ್ವ ದಿನಕರ್ಮ ಮುಗಿದ ಮರುದಿನವೇ ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಇಳಿದಿದ್ದಳು. ಅಂದಿನಿಂದ ಮೂರೂ ಕಡೆಯ ಉಸ್ತುವಾರಿ ಅವಳದೇ.

"ಏನ ಮೋಸ ಮಾಡಿದ್ಳು?"

"ಜ್ವಾಳದ ಚೀಲದ ಹಿಂದ ಒಂದ ಪಾತೇಲಿ ಮುಚ್ಚಿ ಇಟ್ಟಿದ್ಳರಿ. ಇದೇನು ಅಂತ ಅಡಿಗಿಯವನ್ನ ಕೇಳಿದೆ. ಉಪ್ಪಿಲ್ಲದ ಸಾರ್ರಿ ಅಂದ. ನಾ ಉಪ್ಪ ಹಾಕಿ ಹೊರಗ ಹೋದ ಕೂಡ್ಲೆ ನನ್ನ ಸಾರಿಗೆ ಅದನ್ನ ಬೆರಸ್ತಿದ್ಳಂತ. ವರ್ಷ ಪೂರ್ತಿ ಬೆರಸ್ಯಾಳ. ಮೂರೂ ಕಡೆ. ಆಳಮಕ್ಕಳಿಗೆಲ್ಲಾ ಗೊತ್ತು, ನನಗೊಬ್ಬಗ ಗೊತ್ತಿಲ್ಲ."

"ನೀ ಏನಂದಿ?"

"ನಿನ್ನೆ ಮುಂಜಾನೆ ಎಲ್ಲಾರ ಮುಂದ ಅಂದೆ, ನನ್ನ ಕೈ ಮ್ಯಾಲ ನಂಬಿಕಿ ಇಲ್ಲದಾಕಿ ನನ್ನ ಮನ್ಯಾಗ ಇರಬ್ಯಾಡ ಅಂತ."

"ಆಕಿ ಏನಂದ್ಳು?"

"ಏನೂ ಅನ್ನಲಿಲ್ಲ. ಸೌಟು ತೊಳದ ಗೂಟಕ್ಕ ಹಾಕಿದ್ಳು. ಅರಿವಿ ಗಂಟ ಕಟಗೊಂಡ ತವರಿನ ಬಸ್ ಹತ್ತಿದ್ಳು."

ಅಜ್ಜ ಹೊಳೆಯ ಕಡೆ ನೋಡುತ್ತ ಕೂತರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ನೀರು ತನ್ನ ಪಾಡಿಗೆ ಹೋಗುತ್ತಿತ್ತು.

"ಬರದ ಕೊಡೂದು ಇರ್ಲಿ. ಇವತ್ತಿನ ದಾಸೋಹದ ಸಾರು ನೀ ಮಾಡು," ಅಂದರು.

ಅಡಿವೆಪ್ಪನಿಗೆ ಹೋದ ಜೀವ ಬಂದಂತಾಯಿತು. ತಾನು ಕಲಿತ ಒಲೆಯ ಮುಂದೆ ಕೂತು ಬೇಳೆ ಬೇಯಿಸಿದ, ಹುಣಸೆಹಣ್ಣು ಹಿಂಡಿದ, ಒಗ್ಗರಣೆ ಕೊಟ್ಟ. ಕೊನೆಗೆ ಗಡಿಗೆಗೆ ಕೈ ಹಾಕಿ ಒಂದು ಹಿಡಿ ಉಪ್ಪು ಸುರಿದ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿ ನೋಡಿದ. ಸಪ್ಪೆ. ಇನ್ನೊಂದು ಹಿಡಿ ಹಾಕಿದ.

ಈಚೆಗೆ ಬರುವ ಉಪ್ಪಿನಲ್ಲೇ ಸತ್ವ ಇಲ್ಲ ಎಂಬುದು ಅವನ ತಕರಾರು. ಇದೇ ಕಾರಣಕ್ಕೆ ಹಳೆಯ ಕಿರಾಣಿ ಅಂಗಡಿಯವನ ಜೊತೆ ಜಗಳ ತೆಗೆದು ಬೇರೆ ಅಂಗಡಿ ಹಿಡಿದಿದ್ದ. ಆ ಅಂಗಡಿಯ ಉಪ್ಪೂ ಅವನಿಗೆ ಒಗ್ಗಿರಲಿಲ್ಲ.

ಪಂಕ್ತಿ ಕೂತಿತು. ಮಠದ ಹೊಲದಲ್ಲಿ ಕಳೆ ಕೀಳಲು ಬಂದವರು ಏಳೆಂಟು ಮಂದಿ, ನಡುವೆ ಅಜ್ಜ. ಅಡಿವೆಪ್ಪ ಬಗ್ಗಿ ಬಗ್ಗಿ ಬಡಿಸಿದ. ಮೊದಲ ತುತ್ತಿಗೇ ಒಬ್ಬ ಮುದುಕನ ದವಡೆ ನಿಂತಿತು. ಅವನು ಅಜ್ಜನ ಮುಖ ನೋಡಿದ. ಅಜ್ಜ ಉಣ್ಣುತ್ತಿದ್ದರು. ಮುದುಕನೂ ತುತ್ತು ನುಂಗಿದ. ದಾಸೋಹದ ಊಟವೆಂದರೆ ಪ್ರಸಾದ, ಒಂದು ಅಗುಳನ್ನೂ ಬಿಡುವ ಹಾಗಿಲ್ಲ. ಯಾರೂ ಬಿಡಲಿಲ್ಲ. ಅಜ್ಜ ತಮ್ಮ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದರು.

"ಸಾರು ಹೆಂಗಿತ್ರಿ ಅಜ್ಜಾರ?"

"ಕೊಡದಾಗ ನೀರ ಐತೇನು ನೋಡು."

ಅಡಿವೆಪ್ಪ ಹೋಗಿ ನೋಡಿದ. ಬೆಳಿಗ್ಗೆ ತುಂಬಿಟ್ಟ ಕೊಡಗಳು ತಳ ಕಂಡಿದ್ದವು. ಹೊರಗೆ ಬಂದರೆ ಉಂಡವರೆಲ್ಲ ಹೊಳೆಗೆ ಇಳಿದಿದ್ದರು. ಮೊಣಕಾಲಿನ ನೀರಿನಲ್ಲಿ ನಿಂತು, ಬೊಗಸೆ ಬೊಗಸೆಯಾಗಿ ಮೊಗೆದು ಕುಡಿಯುತ್ತಿದ್ದರು. ಆ ಮುದುಕ ಕುಡಿದು ಮೇಲೆ ಬಂದವನು ಮತ್ತೆ ಇಳಿದ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅಡಿವೆಪ್ಪ ಎಷ್ಟು ಮಂದಿಗೆ ಬುದ್ಧಿ ಹೇಳಿದ್ದನೋ. ಆ ಗಾದೆ ಹೀಗೆ ತನ್ನ ಕಣ್ಣೆದುರು ಸಾಲಾಗಿ ನಿಂತೀತು ಎಂದು ಎಣಿಸಿರಲಿಲ್ಲ. ಒಳಗೆ ಹೋಗಿ ತಳದಲ್ಲಿ ಉಳಿದ ಸಾರನ್ನು ನೆಕ್ಕಿದ. ಸಪ್ಪೆ. ಗಡಿಗೆಯಿಂದ ನಾಲ್ಕು ಹರಳು ಉಪ್ಪು ತೆಗೆದು ಬಾಯಿಗೆ ಹಾಕಿಕೊಂಡ. ಅವು ಉಸುಕಿನ ಹಾಗೆ ಹಲ್ಲಿಗೆ ಸಿಕ್ಕವು, ಅಷ್ಟೇ.

ಬಂದು ಅಜ್ಜನ ಕಾಲ ಹತ್ತಿರ ಕುಸಿದು ಕೂತ.

"ಉಪ್ಪಿನ ಕೈ ಒಂದ ಇರ್ಲಿ ಅಂತ ನೀವ ಹೇಳಿದ್ರಿ ಅಜ್ಜಾರ."

"ಹೇಳಿದ್ದೆ. ಈ ಒಲಿ ಮುಂದ ಉಪ್ಪ ಹಾಕತಿದ್ದವ ನೀ. ರುಚಿ ನೋಡತಿದ್ದವ ಯಾರು?"

"ನೀವ್ರಿ."

"ಖಾನಾವಳ್ಯಾಗ?"

ಅಡಿವೆಪ್ಪ ತನ್ನ ಅಂಗೈ ನೋಡಿಕೊಂಡ.

ಅಲ್ಲಿ ಮಹಾಂತೇಶ ರುಚಿ ನೋಡುತ್ತಿದ್ದ. ಅಪ್ಪ ಉಪ್ಪು ಹಾಕಿದ ಮೇಲೆ ಮಗ ಅಂಗೈ ಒಡ್ಡುತ್ತಿದ್ದ. ನೆಕ್ಕಿ, ಒಂದು ಕಣ್ಣು ಮುಚ್ಚಿ, "ಅಪ್ಪಾ, ಕೈ ಬಿಗಿ ಹಿಡಿ" ಅಂತಲೋ, "ಇನ್ನೊಂದ ಚಿಟಿಕಿ ಬಿಡು" ಅಂತಲೋ ಅನ್ನುತ್ತಿದ್ದ. ಒಮ್ಮೊಮ್ಮೆ ಎಲ್ಲ ಸರಿ ಇದ್ದರೂ ಅಪ್ಪನನ್ನು ರೇಗಿಸಲೆಂದೇ ಮುಖ ಕಿವುಚುತ್ತಿದ್ದ.

"ಅವನ ಕುಣಿಗೆ ಮಣ್ಣ ಹಾಕಿ ಬಂದ ದಿನ ನೀಲವ್ವ ಗಂಜಿ ಕೊಟ್ಳರಿ," ಅಂದ ಅಡಿವೆಪ್ಪ. "ಆ ಗಂಜಿ ಮಣ್ಣ ಮಣ್ಣ ಅನಿಸ್ತು. ಅವತ್ತಿನಿಂದ ಎಲ್ಲಾ ಹಂಗ. ಉಪ್ಪ ಕೆಟ್ಟೈತಿ ಅಂದೆ, ಬ್ಯಾಳಿ ಕೆಟ್ಟೈತಿ ಅಂದೆ. ನಾಲಿಗಿ ಸತ್ತೈತಿ ಅಂತ ಅನ್ನಾಕ ಅಂಜಿಕಿ ಬಂತ್ರಿ. ಉಪ್ಪ ಹಾಕೂ ಕೈಯೂ ಹೋದ್ರ ನಾ ಯಾಕ ಇರಬೇಕು?"

ಅಷ್ಟು ಅಂದವನು ಅತ್ತ. ಮಗ ಸತ್ತಾಗ ಮೂರು ಒಲೆ ಆರಬಾರದೆಂದು ಓಡಾಡಿದವನು, ಆಗ ಅಳದೇ ಉಳಿದದ್ದನ್ನೆಲ್ಲ ಈಗ ಅತ್ತ. ಅಜ್ಜ ಸುಮ್ಮನಿರು ಎನ್ನಲಿಲ್ಲ.

ಅಳು ಇಳಿದ ಮೇಲೆ ಅಡಿವೆಪ್ಪ ಕೇಳಿದ, "ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಬ್ಯಾಸಗ್ಯಾಗ ನೀಲವ್ವ ಬಂದಿದ್ಳು."

"ಏನಂದ್ಳರಿ?"

"ಮಾವಾರ ನಾಲಿಗಿ ಅವರ ಮಗನ ಕೂಡ ಹೋಗೇತ್ರಿ, ಹೇಳಿದ್ರ ಜೀವ ಬಿಡ್ತಾರ, ಹೇಳದ ಹೆಂಗ ನಡಸ್ಲಿ ಅಂದ್ಳು."

"ನೀವೇನ ಹೇಳಿದ್ರಿ?"

"ನನಗೂ ತಿಳೀಲಿಲ್ಲ. ಸುಮ್ಮನ ಕೂತಿದ್ದೆ. ಹೊತ್ತ ಆತ್ರಿ, ಮಾವಾರ ಉಪ್ಪ ಹಾಕಾಕ ಬರ್ತಾರ ಅಂತ ತಾನ ಎದ್ದ ಹೋದ್ಳು."

ಅಡಿವೆಪ್ಪ ಮೇಲುಹೊದಿಕೆಯಿಂದ ಮುಖ ಒರೆಸಿಕೊಂಡ. ಎದ್ದು ಗಡಿಗೆಯನ್ನು ಎದೆಗೆ ಅವಚಿ ಹಿಡಿದ.

"ನಾ ಆಕಿ ತವರಿಗೆ ಹೋಗ್ತೀನ್ರಿ. ಈ ಗಡಿಗಿ ಆಕಿ ಕೈಯಾಗ ಕೊಡ್ತೀನಿ. ಮೂರೂ ಖಾನಾವಳಿ ಆಕಿ ನಡಸ್ಲಿ, ನಾಕನೇದ ಬೇಕಂದ್ರ ಅದನ್ನೂ ಇಡ್ಲಿ. ನಾ ಬಾಗಿಲದಾಗ ನಿಂತ ಬಂದವರನ್ನ ಕರೀತೀನಿ."

"ಹೋಗು," ಅಂದರು ಅಜ್ಜ. ಅವನು ಮೆಟ್ಟಿಲಿಗೆ ಕಾಲಿಟ್ಟಾಗ ಕರೆದರು. "ಅಡಿವೆಪ್ಪಾ, ಆಕಿ ನಿನ್ನೆ ಮುಂಜಾನೆ ಹೋದ್ಳು ಅಂದಿ, ಅಲ್ಲಾ?"

"ಹೌದ್ರಿ."

"ನಿಮ್ಮ ಮನಿ ಹೆಣ್ಣಮಕ್ಕಳು ಉಣ್ಣೂದು ಯಾವಾಗ?"

"ಕಡೀ ಪಂಕ್ತಿ ಎದ್ದ ಮ್ಯಾಲ್ರಿ..." ಅಂದವನು ಮೆಟ್ಟಿಲ ಮೇಲೆಯೇ ತಿರುಗಿ ನಿಂತ.

ಅಜ್ಜ ಮೆಲ್ಲಗೆ ಕೇಳಿದರು, "ನಿನ್ನ ಬಾಗಿಲದಾಗ ಆಕಿಗೆ ಯಾರರೆ ಉಂಡ ಹೋಗು ಅಂದ್ರೇನೋ ತಮ್ಮಾ?"