ಬಿಲ್ಲಪ್ಪ ಕೂರುತ್ತಿದ್ದ ಜಾಗ

ಮಕ್ಕಳೇ, ಆಡುವವರಿಗಿಂತ ನೋಡುವವರೇ ಹೆಚ್ಚು ಬೆವರುವುದನ್ನು ನೀವು ಕಂಡಿರಬೇಕು. ಇದು ಹಾಗೆ ನೋಡಿ ನೋಡಿಯೇ ಬೆವರುತ್ತಿದ್ದ ಒಬ್ಬ ಮುಳ್ಳುಹಂದಿಯ ಕತೆ. ನಗು ಬಂದ ಕಡೆ ನಕ್ಕುಬಿಡಿ, ಆದರೆ ಕೊನೆಯವರೆಗೂ ಕೇಳಿ.

ಒಂದು ಕಾಡಿನಲ್ಲಿ ಒಂದು ಹಳ್ಳವಿತ್ತು. ಅದರ ಈಚೆ ದಡಕ್ಕೆ ನೇರಳೆಕಟ್ಟೆ ಎಂದು ಹೆಸರು, ಆಚೆ ದಡಕ್ಕೆ ಮತ್ತಿಗುಡ್ಡ. ಬೇಸಗೆಯಲ್ಲಿ ನೀರು ಇಳಿದು ಮರಳು ಕಂಡ ಕೂಡಲೇ ಎರಡು ದಡದ ಪ್ರಾಣಿಗಳೂ ಅಲ್ಲಿ ಬೇಲದಾಟ ಆಡುತ್ತಿದ್ದವು. ಒಂದೊಂದು ಕಡೆ ಏಳೇಳು ಜನ. ಗಟ್ಟಿ ಬೇಲದ ಹಣ್ಣನ್ನು ಕಾಲಿನಿಂದ ಒದ್ದು, ಎದುರಿನವರ ಎರಡು ಕಲ್ಲುಗಳ ನಡುವೆ ದಾಟಿಸಿದರೆ ಒಂದು ಗೋಲು. ನೀರಿನಂಚಿನಲ್ಲಿ ಒಂಟಿಕಾಲಲ್ಲಿ ನಿಂತಿರುತ್ತಿದ್ದ ಕೊಕ್ಕರೆಯಮ್ಮನದೇ ತೀರ್ಪು.

ಕಾಡಿನಲ್ಲಿ ಬೇರೆ ತಂಡಗಳೂ ಇದ್ದವು. ಆದರೆ ನೇರಳೆಕಟ್ಟೆಗೂ ಮತ್ತಿಗುಡ್ಡಕ್ಕೂ ಆಟ ಬಿತ್ತೆಂದರೆ, ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದ್ದವರೂ ಎದ್ದು ಬರುತ್ತಿದ್ದರು.

ಮುಳ್ಳುಹಂದಿ ಸೂಜಪ್ಪ ನೇರಳೆಕಟ್ಟೆಯವನು. ಅವನನ್ನು ಆಟಕ್ಕೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಡಿಕ್ಕಿ ಹೊಡೆದವರ ಗತಿ ಏನಾಗಬೇಕು, ನೀವೇ ಹೇಳಿ! ಅವನು ನೋಡಲು ಕೂತರೂ ಕಷ್ಟವೇ. ಆಟ ರಂಗೇರಿದಂತೆ ಬೆನ್ನಿನ ಮುಳ್ಳುಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ಅಕ್ಕಪಕ್ಕದವರು "ಅಯ್ಯಯ್ಯೋ" ಎಂದು ಎದ್ದು ಓಡುತ್ತಿದ್ದರು. ಅವನ ಪಕ್ಕದಲ್ಲಿ ಕೂರಬಲ್ಲವನು ಇಡೀ ಕಾಡಿನಲ್ಲಿ ಒಬ್ಬನೇ. ಅವನು ಮೈತುಂಬ ಗಟ್ಟಿ ಬಿಲ್ಲೆಗಳಿದ್ದ ಚಿಪ್ಪುಹಂದಿ ಬಿಲ್ಲಪ್ಪ. ಗ್ರಹಚಾರ ನೋಡಿ, ಆ ಬಿಲ್ಲಪ್ಪ ಮತ್ತಿಗುಡ್ಡದವನು.

ಬಿಲ್ಲಪ್ಪನೂ ಆಡುತ್ತಿರಲಿಲ್ಲ. ಒಮ್ಮೆ ಮರಳಿಗೆ ಇಳಿದಿದ್ದನಂತೆ. ಯಾರೋ ಮೈಮೇಲೆ ನುಗ್ಗಿದ ಕೂಡಲೇ ಹೆದರಿ ಉಂಡೆಯಾಗಿ ಸುತ್ತಿಕೊಂಡ. ಗಡಿಬಿಡಿಯಲ್ಲಿ ಅವನನ್ನೇ ಒದ್ದು ಗೋಲು ಹೊಡೆದರು. ಅದನ್ನು ಗೋಲು ಅನ್ನಬೇಕೋ ಬೇಡವೋ ಎಂದು ಕೊಕ್ಕರೆಯಮ್ಮ ಅರ್ಧ ದಿನ ಯೋಚಿಸಿದಳು. ಆಮೇಲೆ ಬಿಲ್ಲಪ್ಪ ಆಡಲು ಮರಳಿಗೆ ಇಳಿಯಲೇ ಇಲ್ಲ.

ಮರಳು ಮುಗಿಯುವಲ್ಲಿ, ಎರಡು ದಡಕ್ಕೂ ಸಮ ದೂರದಲ್ಲಿ, ಒಂದು ಚಪ್ಪಟೆ ಬಂಡೆಯಿತ್ತು. ಅದೇ ನಡುಬಂಡೆ. ಬಲಗಡೆ ಸೂಜಪ್ಪ, ಎಡಗಡೆ ಬಿಲ್ಲಪ್ಪ. ಎಷ್ಟು ವರ್ಷದಿಂದ ಹಾಗೆ ಕೂರುತ್ತಿದ್ದರೋ ಇಬ್ಬರಿಗೂ ನೆನಪಿರಲಿಲ್ಲ.

"ಏನೋ ಬಿಲ್ಲಪ್ಪ, ನಿಮ್ಮ ಗೋಲು ಕಾಯೋನು ನಿಂತಲ್ಲೇ ನಿದ್ದೆ ಮಾಡ್ತಿದ್ದಾನಲ್ಲ, ಒಂದು ದಿಂಬು ಕಳಿಸ್ಲಾ?"

"ನಿಮ್ಮ ಮುಂಗುಸಿಗೆ ಮೊದಲು ಎಡಗಾಲು ಯಾವುದು, ಬಲಗಾಲು ಯಾವುದು ಅಂತ ಹೇಳಿಕೊಡು ಹೋಗು."

ಆಟ ಮುಗಿದ ಮೇಲೆ ಒಂದು ಪದ್ಧತಿ ಇತ್ತು. ಗೆದ್ದವರ ಕಡೆಯವನು ಬೇಲದ ಹಣ್ಣನ್ನು ನಡುಬಂಡೆಯ ಮೇಲೆ ಒಡೆದು, ಸೋತವರ ಕಡೆಯವನಿಗೆ ಅರ್ಧ ಕೊಡಬೇಕು. ಇರುವೆ ತಿನ್ನುವ ಬಿಲ್ಲಪ್ಪನಿಗೆ ಬೇಲ ಸೇರುತ್ತಿರಲಿಲ್ಲ. ಆದರೂ ಉದ್ದ ನಾಲಗೆ ಚಾಚಿ, ಮುಖ ಹುಳ್ಳಗೆ ಮಾಡಿಕೊಂಡು, ಕೊನೆಯ ಚೂರಿನವರೆಗೂ ನೆಕ್ಕುತ್ತಿದ್ದ.

ಹೀಗಿರುವಾಗ ಮತ್ತಿಗುಡ್ಡಕ್ಕೆ ಕೆಟ್ಟ ಕಾಲ ಬಂತು. ತಂಡದೊಳಗೆ ಜಗಳ ಹುಟ್ಟಿ ಒಂದೇ ಬೇಸಗೆಯಲ್ಲಿ ಮೂವರು ನಾಯಕರು ಬದಲಾದರು. ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ ಎನಿಸಿದ್ದ ಪುನುಗು ಬೆಕ್ಕು, ಹಲಸು ಹೆಚ್ಚು ಸಿಗುತ್ತದೆಂದು ದೂರದ ಕಾಡಿಗೆ ಹೊರಟುಹೋಯಿತು. ಉಳಿದವರು ಸೋತರು, ಮತ್ತೆ ಸೋತರು.

ಸೂಜಪ್ಪನಿಗೆ ಹಬ್ಬ. ದಿನ ಬೆಳಗಾದರೆ ಹಳ್ಳ ದಾಟಿ ಬರುವ ಅಳಿಲನ್ನು ತಡೆದು ನಿಲ್ಲಿಸುತ್ತಿದ್ದ.

"ಮತ್ತಿಗುಡ್ಡದಲ್ಲಿ ಇವತ್ತು ಯಾರು ಬಿಟ್ಟುಹೋದ್ರು?"

ಅಳಿಲು ಒಂದು ಹೆಸರು ಹೇಳಿದರೆ ಅವನಿಗೆ ಆ ದಿನವೆಲ್ಲ ಹೊಟ್ಟೆ ತಣ್ಣಗೆ. ತನ್ನವರು ಗೆದ್ದಾಗಲೂ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ. ಇದು ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಇಡೀ ನೇರಳೆಕಟ್ಟೆಯೇ ಹಿಗ್ಗುತ್ತಿತ್ತು.

ಆ ವರ್ಷದ ಕಡೆಯ ಆಟ ಈ ಎರಡು ದಡಗಳಿಗೇ ಬಿತ್ತು. ಸೋತರೆ ಮತ್ತಿಗುಡ್ಡದವರು ಮರಳು ಬಿಟ್ಟು, ಕೆಳಗಿನ ಬಿದಿರುಗುಳಿಗೆ ಇಳಿಯಬೇಕು. ಅಲ್ಲಿ ಕೆಸರಿನಲ್ಲಿ ಹೆಗ್ಗಣಗಳ ಜೊತೆ ಆಡಿ ಗೆದ್ದರೆ ಮಾತ್ರ ಮತ್ತೆ ಮೇಲಿನ ಮರಳಿಗೆ ಬರಬಹುದು. ಅಂಥ ದಿನ ಮತ್ತಿಗುಡ್ಡದಿಂದ ಬಂದವರು ಆರೇ ಜನ.

ಇದಕ್ಕೂ ಒಂದು ಹಳೆಯ ಪದ್ಧತಿ ಇತ್ತು. ಒಂದು ಕಡೆ ಒಬ್ಬರು ಕಡಿಮೆಯಾದರೆ ಎದುರಿನವರೂ ಒಬ್ಬರನ್ನು ಹೊರಗೆ ಕೂರಿಸುತ್ತಿದ್ದರು. ನೇರಳೆಕಟ್ಟೆಯ ನಾಯಕಿ ಚಿಮ್ಮಿ ಎಂಬ ಮೊಲ. ಅವಳು ಮುಂಗುಸಿಯ ಕಡೆ ತಿರುಗಿ, "ನೀನು ಇವತ್ತು ಹೊರಗಿರಪ್ಪ" ಎಂದಳು.

ಸೂಜಪ್ಪ ಬಂಡೆಯ ಮೇಲೆ ಎದ್ದು ನಿಂತ.

"ಯಾಕೆ ಹೊರಗಿರಬೇಕು? ಅವರಿಗೆ ಜನ ಇಲ್ಲದಿದ್ರೆ ನಮ್ಮ ತಪ್ಪಾ? ಏಳು ಅಂದ್ರೆ ಏಳು! ಇಲ್ಲಾಂದ್ರೆ ಮನೆಗೆ ಹೋಗಲಿ!"

ಈಚೆ ದಡದ ಎಲ್ಲರೂ ಅದನ್ನೇ ಹಿಡಿದುಕೊಂಡರು. "ಏಳು ಅಂದ್ರೆ ಏಳು! ಏಳು ಅಂದ್ರೆ ಏಳು!"

ಕೊಕ್ಕರೆಯಮ್ಮ ಚಿಮ್ಮಿಯನ್ನು ನೋಡಿದಳು. "ಇದು ಪದ್ಧತಿ ಅಷ್ಟೇ ತಾಯಿ, ಕಟ್ಟಳೆ ಅಲ್ಲ. ನಿನ್ನ ಮನಸ್ಸು."

ಅಷ್ಟು ಜನ ಕೂಗುವಾಗ ಮೊಲಕ್ಕೆ ಮನಸ್ಸು ಎಲ್ಲಿಂದ ಬರಬೇಕು? ಚಿಮ್ಮಿ ಕಿವಿ ಇಳಿಬಿಟ್ಟು, "ಏಳು ಜನವೇ" ಎಂದಳು. ಮತ್ತಿಗುಡ್ಡ ಆಡದೆಯೇ ಸೋತಿತು.

ಬಿಲ್ಲಪ್ಪ ಬಂಡೆಯಿಂದ ಕೆಳಗಿಳಿದ. ಆಮೇಲೆ ಹೇಳಿದ, "ಸೋಲ್ತಿದ್ವಿ ಕಣೋ, ಅದು ನಂಗೂ ಗೊತ್ತಿತ್ತು. ಆದ್ರೆ ಆಡಿ ಸೋಲ್ತಿದ್ವಿ."

ಆಟ ನಡೆಯದ್ದರಿಂದ ಬೇಲದ ಹಣ್ಣನ್ನು ಒಡೆಯಲಿಲ್ಲ. ಸೂಜಪ್ಪನಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ! ಅವನು ಆಗಲೇ ದಡಕ್ಕೆ ಓಡಿ, ಕೊಳೆತ ಸೋರೆಕಾಯಿ ಒಂದನ್ನು ಕಡ್ಡಿಗಳ ಚಟ್ಟದ ಮೇಲೆ ಮಲಗಿಸಿದ್ದ. ನಾಲ್ವರು ಹೊತ್ತರು. ಮುಂದೆ ಸೂಜಪ್ಪ, ಹಿಂದೆ ಇಡೀ ನೇರಳೆಕಟ್ಟೆ. "ಮತ್ತಿಗುಡ್ಡ ಸತ್ತೋಯ್ತು!" ಎಂದು ಸುಳ್ಳು ಅಳು ಅಳುತ್ತ, ಮರಳಿನ ಮೇಲೆಲ್ಲ ಮೆರವಣಿಗೆ ಮಾಡಿ, ಗುಂಡಿ ತೋಡಿ ಹೂತರು. ಮನೆಗೆ ಹೋಗುವ ದಾರಿ ಅದೇ ಆದ್ದರಿಂದ ಬಿಲ್ಲಪ್ಪ ಆ ಗದ್ದಲದ ನಡುವೆಯೇ ನಡೆದುಹೋದ. ಅವನು ತಿರುಗಿ ನೋಡಲಿಲ್ಲ.

ಮರುವರ್ಷದ ಬೇಸಗೆ ಬಂತು. ಸೂಜಪ್ಪ ಎಲ್ಲರಿಗಿಂತ ಮೊದಲು ಹೋಗಿ ಬಲಗಡೆ ಕೂತ. ದೂರದ ಕಲ್ಲುಹೊಳೆಯ ತಂಡ ಆಡಲು ಬಂದಿತ್ತು. ಅವರನ್ನು ಬೈಯುವಷ್ಟು ಪರಿಚಯ ಯಾರಿಗೂ ಇರಲಿಲ್ಲ. ಚಿಮ್ಮಿ ಮೊದಲ ಗೋಲು ಹೊಡೆದಳು. ಸೂಜಪ್ಪನ ಮುಳ್ಳುಗಳು ಸೆಟೆದವು. ಅವನು ಥಟ್ಟನೆ ಎಡಕ್ಕೆ ತಿರುಗಿ, "ನೋಡಿದೆಯೇನೋ" ಎಂದ.

ಎಡಗಡೆ ಬರೀ ಬಂಡೆ ಇತ್ತು.

ಅವನು ತನ್ನ ದಡದವರನ್ನು ಕರೆದ. "ಇಲ್ಲಿ ಬಂದು ಕೂತ್ಕೊಳ್ರೋ, ಚೆನ್ನಾಗಿ ಕಾಣುತ್ತೆ."

"ಕಣ್ಣಿಗೆ ಮುಳ್ಳು ಚುಚ್ಚಿದ್ರೆ ಆಮೇಲೆ ಏನು ಕಾಣುತ್ತೆ ಸೂಜಪ್ಪಣ್ಣ?" ಎಂದು ಅವರು ನಕ್ಕರು. ಒಬ್ಬರೂ ಬರಲಿಲ್ಲ.

ನೇರಳೆಕಟ್ಟೆ ಗೆದ್ದಿತು. ಸೂಜಪ್ಪ ಹಣ್ಣು ಒಡೆದ. ಕಲ್ಲುಹೊಳೆಯ ಕಡೆಯವರು ಯಾರೂ ಆಟ ನೋಡಲು ಅಷ್ಟು ದೂರ ಬಂದಿರಲಿಲ್ಲ. ಅರ್ಧ ಹಣ್ಣು ಹಾಗೆಯೇ ಉಳಿದು, ಇರುವೆಗಳು ಸಾಲುಗಟ್ಟಿ ಬಂದವು. ಇರುವೆಗಳನ್ನು ಕಂಡು ಸೂಜಪ್ಪನಿಗೆ ಬಿಲ್ಲಪ್ಪನ ನೆನಪಾಯಿತು. ಆದರೆ ಹಟಮಾರಿ ನೋಡಿ, ಅದನ್ನು ಒಪ್ಪಿಕೊಳ್ಳಲಿಲ್ಲ. "ಬಿದಿರುಗುಳಿಗೆ ಹೋಗಿ ಅವರ ಪಾಡು ನೋಡ್ಕೊಂಡು ಒಂದಿಷ್ಟು ನಕ್ಕು ಬರೋಣ" ಎಂದು ತನಗೆ ತಾನೇ ಹೇಳಿಕೊಂಡು, ಮರುದಿನ ಸಂಜೆ ಹೊರಟ.

ಗುಳಿಯಲ್ಲಿ ಮೊಣಕಾಲುದ್ದ ಕೆಸರು. ಸೂಜಪ್ಪ ಒಂದು ಬಿದಿರುಮೆಳೆಯ ಹಿಂದೆ ಅಡಗಿ ನಿಂತ. ಎದುರು ದಿಣ್ಣೆಯ ಮೇಲೆ ಒಬ್ಬನೇ ಒಬ್ಬ ಕೂತು ಕೂಗುತ್ತಿದ್ದ. ಅವನು ಬಿಲ್ಲಪ್ಪ. ಕೂಗಿ ಕೂಗಿ ದನಿ ಒಡೆದುಹೋಗಿತ್ತು. ಮತ್ತಿಗುಡ್ಡದ ಪುಟ್ಟ ಕಾಡುಕುರಿ ಕೆಸರಿನಲ್ಲಿ ಜಾರುತ್ತ, ಏಳುತ್ತ, ಹಣ್ಣನ್ನು ಗೋಲಿನ ತನಕ ಒಯ್ದು ಬಲವಾಗಿ ಒದ್ದಿತು. ಹಣ್ಣು ಕಲ್ಲಿಗೆ ಬಡಿದು ಆಚೆ ಹಾರಿತು.

ಸರ್ರನೆ ಸದ್ದಾಯಿತು. ಏನೆಂದು ಸೂಜಪ್ಪ ತಿರುಗಿ ನೋಡಿದರೆ, ಅವನದೇ ಮುಳ್ಳುಗಳು. ಒಂದೂ ಬಿಡದೆ ನೆಟ್ಟಗೆ ನಿಂತಿದ್ದವು. ನಗಲು ಬಂದವನ ಬಾಯಲ್ಲಿ ನಗುವೇ ಬರಲಿಲ್ಲ.

ಅಷ್ಟರಲ್ಲಿ ಕಾಡುಕುರಿ ಕಾಲು ಉಳುಕಿ ಬಿದ್ದಿತು. ಅದನ್ನು ಎತ್ತಿ ಹೊರಗೆ ಕೂರಿಸಿದರು. ಈಗ ಮತ್ತಿಗುಡ್ಡದವರು ಆರು ಜನ.

ಹೆಗ್ಗಣಗಳ ನಾಯಕ ಮುಂದೆ ಬಂದ. "ಏಳು ಅಂದ್ರೆ ಏಳು. ಏಳನೆಯವರು ಇಲ್ಲದಿದ್ರೆ ಆಟ ಮುಗೀತು." ಬಿದಿರುಗುಳಿಯ ಕೆಳಗೆ ಬೇರೆ ಅಂಗಳವಿಲ್ಲ. ಅಲ್ಲಿ ಆಟ ಮುಗಿಸಲಾಗದ ತಂಡಕ್ಕೆ ಮುಂದೆ ಹೆಸರೂ ಇರುವುದಿಲ್ಲ.

ಸೂಜಪ್ಪ ಅಡಗಿದ್ದನ್ನು ಮರೆತು ಹೊರಗೆ ಬಂದ. "ಹಾಗಲ್ಲ ಕಣ್ರಪ್ಪ! ನೀವೂ ಒಬ್ಬರನ್ನ ಹೊರಗೆ ಕೂರಿಸ್ಬೇಕು. ಅದು ಪದ್ಧತಿ!"

"ಯಾವ ಪದ್ಧತಿ ಅಜ್ಜ?" ಎಂದ ಹೆಗ್ಗಣ. "ಅದನ್ನ ಮುರಿದಿದ್ದು ಮೇಲಿನ ಮರಳಲ್ಲೇ ಅಂತಲ್ಲ? ನಾವು ಕೇಳಿದ್ದು ಹಾಗೆ. ಯಾರೋ ಒಬ್ಬ ಮುಳ್ಳುಹಂದಿ ಎದ್ದು ನಿಂತು ಕೂಗಿದ್ನಂತೆ."

ಸೂಜಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು.

ಆಗ ಎದುರು ದಿಣ್ಣೆಯಿಂದ ಬಿಲ್ಲಪ್ಪ ನಿಧಾನವಾಗಿ ಇಳಿದು ಬಂದ. ಕೆಸರಿಗೆ ಕಾಲಿಟ್ಟು ನಿಂತ. "ಏಳನೆಯವನು ನಾನು" ಎಂದ.

ಹೆಗ್ಗಣಗಳು ಬಿದ್ದು ಬಿದ್ದು ನಕ್ಕವು. ಆಟ ಮತ್ತೆ ಶುರುವಾಯಿತು. ಒಂದು ಹೆಗ್ಗಣ ನುಗ್ಗಿತು, ಬಿಲ್ಲಪ್ಪ ಉಂಡೆಯಾದ. ಮತ್ತೆ ಬಿಚ್ಚಿಕೊಂಡು ಎದ್ದ. ಇನ್ನೊಂದು ನುಗ್ಗಿತು, ಮತ್ತೆ ಉಂಡೆಯಾದ, ಮತ್ತೆ ಎದ್ದ. ದಿಣ್ಣೆಯ ಮೇಲೆ ಈಗ ಮತ್ತಿಗುಡ್ಡಕ್ಕಾಗಿ ಕೂಗುವವರು ಯಾರೂ ಉಳಿದಿರಲಿಲ್ಲ.

ಸೂಜಪ್ಪ ಓಡಿಹೋಗಿ ಬಿಲ್ಲಪ್ಪ ಬಿಟ್ಟ ಜಾಗದಲ್ಲಿ ನಿಂತ. ಜನ್ಮದಲ್ಲಿ ಬೈಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸದ ಹೆಸರನ್ನು ಎದೆ ಬಿರಿಯುವಂತೆ ಕೂಗಿದ. "ಮತ್ತಿಗುಡ್ಡ! ಏಳೋ ಬಿಲ್ಲಪ್ಪ! ಮತ್ತಿಗುಡ್ಡ!"

ಅವರು ಒಂದು ಗೋಲಿನಿಂದ ಸೋತರು. ಆದರೆ ಆಟ ಮುಗಿಸಿದರು, ಹೆಸರು ಉಳಿಯಿತು.

ಬಿಲ್ಲಪ್ಪ ಕೆಸರು ಮೆತ್ತಿಕೊಂಡು ಮೇಲೆ ಬಂದ. ಸೂಜಪ್ಪ ತಲೆ ತಗ್ಗಿಸಿದ.

"ತಪ್ಪಾಯ್ತು ಬಿಲ್ಲಪ್ಪ. ಬಂಡೆಗೆ ಬಾರೋ. ನಿನ್ನ ಜಾಗ ಹಾಗೇ ಇದೆ."

"ನಮ್ಮವರು ಇಲ್ಲಿರುವಾಗ ಅಲ್ಲಿ ಕೂತು ಏನು ನೋಡಲಿ?"

"ನಂಗೆ ಬೈಯೋಕಾದ್ರೂ ಬಾ."

ಬಿಲ್ಲಪ್ಪ ಅವನನ್ನೇ ನೋಡಿದ. "ಆ ಸೋರೆಕಾಯಿ ಹೊತ್ಕೊಂಡು ಹೋಗುವಾಗ ಮುಂದೆ ನೀನಿದ್ದೆ. ಬೇರೆ ಯಾರಾದ್ರೂ ಆಗಿದ್ರೆ ನಂಗೆ ಅಷ್ಟು ನೋವಾಗ್ತಿರಲಿಲ್ಲ. ಅದನ್ನ ಮರೆಯೋಕೆ ಆಗ್ತಾ ಇಲ್ಲ. ಇವತ್ತು ನೀನು ಕೂಗಿದ್ದೂ ಕೇಳಿಸ್ತು, ಅದನ್ನೂ ಮರೆಯೋದಿಲ್ಲ. ನಮ್ಮವರು ಮೇಲೆ ಬಂದ ದಿನ ನಾನೂ ಬರ್ತೀನಿ."

ಸೂಜಪ್ಪ ಊರಿಗೆ ಬಂದವನೇ ಎಲ್ಲರ ಎದುರು ಕೊಕ್ಕರೆಯಮ್ಮನ ಮುಂದೆ ನಿಂತು, ತಾನು ಕೂಗಿದ್ದು ತಪ್ಪೆಂದು ಹೇಳಿದ. ಚಿಮ್ಮಿಯೂ ದನಿಗೂಡಿಸಿದಳು. ಒಬ್ಬರು ಕಡಿಮೆಯಾದರೆ ಎದುರಿನವರೂ ಒಬ್ಬರನ್ನು ಹೊರಗೆ ಕೂರಿಸಬೇಕೆಂಬುದು ಅಂದಿನಿಂದ ಮರಳಿಗೂ ಗುಳಿಗೂ ಕಟ್ಟಳೆಯಾಯಿತು.

ಆ ವರ್ಷ ಮತ್ತಿಗುಡ್ಡ ಮೇಲೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ.

ಈಗಲೂ ಆಟದ ದಿನ ಸೂಜಪ್ಪ ನೇರಳೆಯ ರೆಂಬೆಯಿಂದ ನಡುಬಂಡೆಯ ಎಡಗಡೆಯನ್ನು ಗುಡಿಸಿಡುತ್ತಾನೆ. ತನ್ನವರು ಗೆದ್ದರೆ ಹಣ್ಣು ಒಡೆದು ಅರ್ಧವನ್ನು ಅಲ್ಲಿಡುತ್ತಾನೆ. ಹಳ್ಳ ದಾಟಿ ಬರುವ ಅಳಿಲನ್ನು ಮೊದಲಿನ ಹಾಗೆಯೇ ತಡೆದು ನಿಲ್ಲಿಸುತ್ತಾನೆ.

"ಮತ್ತಿಗುಡ್ಡ ಇವತ್ತು ಗೆಲ್ತಾ?"

"ಇಲ್ಲ ಸೂಜಪ್ಪಣ್ಣ" ಎನ್ನುತ್ತದೆ ಅಳಿಲು. "ಆದ್ರೆ ಏಳು ಜನ ಇದ್ರು."

ನೀತಿ: ಎದುರಾಳಿ ಬಿದ್ದಾಗ ಹಿಗ್ಗಬೇಡಿ, ನಿಮ್ಮ ಆಟಕ್ಕೆ ಜೊತೆಯಾಗಿ ಕೂತಿದ್ದವನು ಅವನೇ, ಮತ್ತು ಕಳೆದುಕೊಂಡ ಜೊತೆ ಕರೆದ ಕೂಡಲೇ ಮರಳುವುದಿಲ್ಲ.