ನೀರುನಾಯಿಯ ಬಿಲದ ಬಾಗಿಲು

ಜಗಳವಾಡಿ ಬೇರೆಯಾದ ನೀರುನಾಯಿ ದಂಪತಿಗೆ ಹೊಳೆಯ ನ್ಯಾಯಾಧೀಶನಾದ ಆಮೆ ಆದೇಶ ಕೊಟ್ಟಿತ್ತು: ಮರಿ ತಾಯಿಯ ಬಿಲದಲ್ಲಿರಲಿ, ತಂದೆ ದಿನವೂ ಮಧ್ಯಾಹ್ನ ಮರಳುದಿಬ್ಬದ ಬಳಿ ಅದಕ್ಕೆ ಈಜು ಕಲಿಸಲಿ, ಒಬ್ಬರ ಬಿಲಕ್ಕೆ ಇನ್ನೊಬ್ಬರು ಕಾಲಿಡಬಾರದು.

ಒಂದು ದಿನ ಮರಿಗೆ ಜ್ವರ ಬಂತು. ದಿಬ್ಬದಲ್ಲಿ ಕಾದು ಸೋತ ತಂದೆ ಬಿಲದವರೆಗೆ ಬಂದು ಹೊರಗೇ ನಿಂತಿತು. "ಒಳಗೆ ಬರುವ ಹಕ್ಕು ನನಗಿಲ್ಲ. ಮರಿ ಹೇಗಿದೆ, ಅಷ್ಟು ಹೇಳು ಸಾಕು."

ಒಳಗಿನಿಂದ ಮರಿ "ಅಪ್ಪಾ" ಎಂದು ನರಳಿತು. ತಾಯಿಗೆ ಹಳೆಯ ಸಿಟ್ಟೆಲ್ಲ ಮರುಕಳಿಸಿತು. ಅದನ್ನು ನುಂಗಿಕೊಂಡು, ಪಕ್ಕಕ್ಕೆ ಸರಿದು, "ಬನ್ನಿ, ನೀವು ಹತ್ತಿರ ಕೂತರೆ ಮರಿ ಒಂದು ತುತ್ತು ತಿಂದೀತು" ಎಂದಿತು.

ತಂದೆ ಒಳಹೋದದ್ದನ್ನು ಕಂಡ ಪಕ್ಕದ ಏಡಿಯೊಂದು ಆಮೆಯ ಬಳಿಗೆ ಓಡಿಹೋಗಿ ದೂರಿತು: "ಸ್ವಾಮಿ, ಆದೇಶ ಮುರಿದರು!"

ಆಮೆ ಹೇಳಿತು: "ಅವರಿಬ್ಬರ ಮೇಲೂ ನಂಬಿಕೆ ಸಾಲದೆ 'ಮರಿಗೆ ಬೇಕಾದಾಗ ಬಾಗಿಲು ತೆರೆಯಲಿ' ಎಂದು ನಾನು ಬರೆಯದೇ ಬಿಟ್ಟೆ. ಅದನ್ನೇ ಆ ತಾಯಿ ಮಾಡಿದ್ದಾಳಪ್ಪ."