ಕೇಳದೆ ಕೊಟ್ಟ ತೀರ್ಪು

ಹುಲಿಗೆಮ್ಮನನ್ನು ಕಳ್ಳಿ ಎಂದು ಆಶ್ರಮದಿಂದ ಹೊರಹಾಕಿದರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಹೊರಹಾಕಿದವರು ಪುಂಡರಲ್ಲ, ಕಾನೂನು ಓದುವವರು.

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ, ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಬಡ ಮಕ್ಕಳಿಗೆ ಅನ್ನ ಹಾಕಿ ಕಾನೂನು ಕಲಿಸುತ್ತಿದ್ದರು. ಪರೀಕ್ಷೆ ಹತ್ತಿರವಿತ್ತು. ಅಜ್ಜಾರು ಬೇರೆ ಊರಿಗೆ ಹೋಗಿದ್ದಾಗ ಪರುತಪ್ಪ ಎಂಬ ವಿದ್ಯಾರ್ಥಿಯ ಹಿತ್ತಾಳೆ ತಂಬಿಗೆ ಕಾಣೆಯಾಯಿತು. ಅದು ತೀರಿಹೋದ ಅವನ ತಾಯಿಯ ತಂಬಿಗೆ. ಜೊತೆಗೇ ಓದುತ್ತಿದ್ದ ಹುಲಿಗೆಮ್ಮ ಅದನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ಒಬ್ಬ ಹುಡುಗ ನೋಡಿದ್ದ.

"ಪರೀಕ್ಷೆಗೂ ಅಭ್ಯಾಸ ಆಗತೈತಿ" ಎಂದು ಹುಡುಗರು ಬೇವಿನ ಮರದ ಕೆಳಗೆ ನ್ಯಾಯಾಲಯ ನಡೆಸಿದರು. ಫಿರ್ಯಾದಿ, ಸಾಕ್ಷಿ, ವಾದ ಎಲ್ಲ ಇತ್ತು. ಓದಿನಲ್ಲಿ ಮುಂದಿದ್ದ ಪರುತಪ್ಪನೇ ನ್ಯಾಯಾಧೀಶನಾದ. ಹುಲಿಗೆಮ್ಮ ಆಗ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳನ್ನು ಕರೆಯಬೇಕು ಎಂದು ಒಬ್ಬನಿಗೂ ಅನ್ನಿಸಲಿಲ್ಲ.

ತೀರ್ಪು ಕೇಳಿ ಅವಳು ಗಂಟು ಕಟ್ಟಿದಳು. ಅಳಲಿಲ್ಲ. ಊರಿಗೆ ಹೋದರೆ ಓದು ಅಲ್ಲಿಗೆ ಮುಗಿಯುತ್ತಿತ್ತು. ಮನೆಯವರು ಅದಕ್ಕೇ ಕಾದಿದ್ದರು.

ಅವಳು ಹತ್ತಬೇಕಾಗಿದ್ದ ಹರಿಗೋಲಿನಿಂದಲೇ ಅಜ್ಜಾರು ಇಳಿದರು.

"ಎಲ್ಲಿಗೆ ಹೊಂಟೀ ಯವ್ವಾ?"

"ಊರಿಗ್ರೀ. ನಾ ಕಳ್ಳಿ ಅಂತ ತೀರ್ಪಾಗೇತಿ. ಖರೇ ಅಂದ್ರ ಅಜ್ಜಾರ, ಆ ತಂಬಿಗಿ..."

"ಈಗ ಹೇಳಬ್ಯಾಡ."

ಅವಳ ಮುಖ ಸಣ್ಣದಾಯಿತು. "ನೀವೂ ಕೇಳಂಗಿಲ್ಲೇನ್ರೀ?"

"ಕೇಳ್ತೀನಿ. ಅವರ ಎದುರಿಗೆ ಕೇಳ್ತೀನಿ. ಅವರಿಲ್ಲದಾಗ ನಿನ್ನ ಮಾತು ಕೇಳಿದ್ರ ನಾನೂ ಅವರಂಗ ಆದ್ನಲ್ಲ."

ಅಂಬಿಗ ಕೂಗಿದ. "ಹತ್ತತೀಯೇನವ್ವಾ? ಗಾಳಿ ಎದ್ರ ನಾ ನಿಲ್ಲಂಗಿಲ್ಲ!"

"ತಡಿಯೋ ಮಾರಾಯಾ. ಇವತ್ತು ಎಲ್ಲಾರಿಗೂ ಅವಸರ" ಎಂದರು ಅಜ್ಜಾರು.

ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು.

"ಪರುತಪ್ಪ, ಸಹಜ ನ್ಯಾಯ ಅಂದ್ರೇನು?"

ಅವನು ಎದ್ದು ನಿಂತು ಗಡಗಡ ಒಪ್ಪಿಸಿದ. "ಎದುರು ಕಕ್ಷಿಯ ಮಾತು ಕೇಳದೆ ತೀರ್ಪು ಕೊಡಬಾರದು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು."

"ಶಾಬಾಸ್. ತಂಬಿಗಿ ಯಾರದು?"

"ನಂದ್ರೀ."

"ತೀರ್ಪು?"

ಪರುತಪ್ಪನ ತಲೆ ತಗ್ಗಿತು. "ಅದೂ ನಂದ್ರೀ."

ಜೋಳ ತೂಗುವ ದೊಡ್ಡ ತಕ್ಕಡಿಯನ್ನು ಅಜ್ಜಾರು ಕೊಂಬೆಯಿಂದ ಬಿಚ್ಚಿ ನೆಲಕ್ಕಿಟ್ಟರು.

"ತಟ್ಟಿಯೊಳಗ ಕುಂದ್ರು. ಈಗ ನೀನ ತಕ್ಕಡಿ ಎತ್ತಿ ಹಿಡಿದು ನಿನ್ನ ತೂಕ ಹೇಳು."

ಪರುತಪ್ಪ ಹಗ್ಗ ಹಿಡಿದು ಎಳೆದ. ಮುಖ ಕೆಂಪಾಯಿತು. ತಟ್ಟೆ ನೆಲ ಬಿಡಲಿಲ್ಲ. ಅವನೇ ಪಕ್ಕಕ್ಕೆ ಉರುಳಿದ.

"ಜೋರಾಗಿ ಎಳೀರಿ, ನ್ಯಾಯಾಧೀಶರ!" ಎಂದ ಯಾರೋ. ಹುಲಿಗೆಮ್ಮನಿಗೂ ನಗು ತಡೆಯಲಾಗಲಿಲ್ಲ.

ಪರುತಪ್ಪ ಮಣ್ಣು ಕೊಡವಿಕೊಂಡ. "ಆದ್ರ ಅಜ್ಜಾರ, ಆಕಿ ಖರೇನ ಕದ್ದಿದ್ರ?"

"ಆಗೂ ನಿನ್ನ ತೀರ್ಪು ತಪ್ಪ."

"ಕಳ್ಳಿಗೆ ಕಳ್ಳಿ ಅಂದ್ರ ತಪ್ಪು ಹೆಂಗಾಗತೈತ್ರೀ?"

"ಕಣ್ಣು ಮುಚ್ಚಿ ಒಗೆದ ಕಲ್ಲು ಮಾವಿನಕಾಯಿಗೆ ಬಡೀತು ಅಂದ್ರ ನಿನಗ ಗುರಿ ಬರತೈತಿ ಅಂತೇನು?"

ಅಜ್ಜಾರು ತಕ್ಕಡಿಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ಇನ್ನ ತಕ್ಕಡಿ ನಾ ಹಿಡೀತೀನಿ. ನೀ ಫಿರ್ಯಾದಿ ಅಷ್ಟ. ಆಕೀನ್ನ ಕೇಳು."

"ಹುಲಿಗೆಮ್ಮಾ, ನೀ ಏನ್ ಹೇಳ್ತೀ?" ಎಂದು ಪರುತಪ್ಪ ಕೇಳಿದ.

ಕಳ್ಳಿ ಎಂದಾಗ ಅಳದವಳು ಈಗ ಅತ್ತಳು.

"ನೀನ ತಂಬಿಗಿ ಹೊಳಿ ಮೆಟ್ಟಿಲ ಮ್ಯಾಲ ಮರೆತು ಬಂದಿದ್ದಿ. ನೀರು ಏರಿ ತೇಲಿ ಹೊಂಟಿತ್ತು. ಎದಿಮಟ ನೀರಿಗಿಳಿದು ಹಿಡಿದೆ. ಬಂಡೆಗಲ್ಲಿಗೆ ಬಡಿದು ತಳ ಸೀಳಿತ್ತು. ಬೆಸಿಗಿ ಹಾಕ್ಲಿ ಅಂತ ಆಚೆ ದಂಡಿ ಕಂಚುಗಾರಗ ಕಳಿಸೀನಿ. ಪರೀಕ್ಷೆ ದಿನ ನೀ ನಿಮ್ಮವ್ವನ ತಂಬಿಗ್ಯಾಗ ನೀರು ಕುಡಿದು ಹೋಗ್ಲಿ ಅಂತ."

"ಮೊದಲ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ಕಾದು ಬೇಸತ್ತು ಅಂಬಿಗ ಅಲ್ಲಿಗೇ ಬಂದಿದ್ದ. "ಆ ಒಡಕು ತಂಬಿಗಿ ದಾಟಿಸಿ ಕೊಟ್ಟಾಂವ ನಾನಲ್ಲೇನು? ನನ್ನನ್ನರ ಯಾರು ಕೇಳಿದ್ರು?"

ಪರುತಪ್ಪ ಹುಲಿಗೆಮ್ಮನಿಗೆ ಕೈಮುಗಿದ. "ನೀ ನಮ್ಮವ್ವನ್ನ ತಿರುಗಿ ಕೊಟ್ಟಿ. ನಾ ನಿನ್ನ ಗಂಟು ಕಟ್ಟಿಸಿದೆ." ಆ ಗಂಟನ್ನು ತಾನೇ ಹೊತ್ತು ಒಳಗಿಟ್ಟು ಬಂದ.

ಅವಳು ಅಜ್ಜಾರ ಕಡೆ ತಿರುಗಿದಳು. "ನಿಮ್ಮಿಂದ ಬದುಕಿದ್ನಿರೀ. ಗೆದ್ದೆ ಅಂತಲ್ಲ. ಕೇಳಿದ್ರಲ್ಲ, ಅದಕ್ಕ."

ಪರುತಪ್ಪ ಅಜ್ಜಾರ ಕಾಲಿಗೆ ಬಿದ್ದ. "ನಿಮ್ಮ ಉಪಕಾರ ಹೆಂಗ ತೀರಸ್ಲಿ ಅಜ್ಜಾರ?"

ಅಜ್ಜಾರು ಅವನನ್ನು ಎಬ್ಬಿಸಿ, ಕುಳಿತವರನ್ನೆಲ್ಲ ನೋಡಿದರು.

"ನನ್ನ ಕಾಲು ಬಿಡ್ರಿ. ನಿಮ್ಮ ಮನ್ಯಾಗೋ ಓಣ್ಯಾಗೋ, ಅವ ಬಾಯಿ ತೆರಿಯೂದ್ರೊಳಗ ನೀವು ಕಳ್ಳ ಅಂದು ಮುಗಿಸಿದ ಒಬ್ಬ ಮನುಷ್ಯ ಅದಾನ. ಏಳ್ರಿ. ಇವತ್ತ ಹೋಗಿ 'ನೀ ಏನ್ ಹೇಳ್ತೀ' ಅಂತ ಅವನ್ನ ಕೇಳ್ರಿ."